ಬಜೆಟ್ ಕೊರತೆ, ವ್ಯಾಪಾರ ಕೊರತೆ: ಕೋಲಾರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿಯಲ್ಲಿ ಕೇಂದ್ರದ ಬಜೆಟ್, ಅದರ ಹಿಂದೆಯೇ ರಾಜ್ಯದ ಬಜೆಟ್. ಆ ದಿನಗಳಲ್ಲಿ ಕೋಲಾರದ ಟೀ ಅಂಗಡಿಗಳಲ್ಲೂ ಕೊರತೆಯದೇ ಮಾತು. ಸರ್ಕಾರದ ಸಾಲ ಜಾಸ್ತಿಯಾಯಿತು, ಡಾಲರ್ ಏರಿತು, ಚೀನಾ ಮಾಲು ತುಂಬಿಕೊಂಡಿತು ಅಂತ ಎಲ್ಲವನ್ನೂ ಒಟ್ಟಿಗೆ ಸೇರಿಸಿ ಬೈಯುವುದು ರೂಢಿ. ಪದವಿ ಕಾಲೇಜಿನ ಹುಡುಗ ಹುಡುಗಿಯರು, ಮಂಡಿಯವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಡಾಲರ್ ಲೆಕ್ಕ ಬಂದಾಗ ಒಂದು ಬಿಲಿಯನ್ ಅಂದರೆ 100 ಕೋಟಿ ಅಂತ ನೆನಪಿರಲಿ.

ವಿತ್ತೀಯ ಕೊರತೆ ಅಂದರೆ ಏನು?

ಸರ್ಕಾರದ ಒಟ್ಟು ಖರ್ಚಿನಲ್ಲಿ, ಸಾಲ ಬಿಟ್ಟು ಮಿಕ್ಕ ಆದಾಯವನ್ನು ಕಳೆದರೆ ಉಳಿಯುವ ಮೊತ್ತ. ಕೇಂದ್ರದ 2025-26ರ ಬಜೆಟ್ ಅಂದಾಜು ನೋಡಿ. ಖರ್ಚು 50.65 ಲಕ್ಷ ಕೋಟಿ ರೂಪಾಯಿ. ತೆರಿಗೆ ಮತ್ತು ಇತರ ಆದಾಯ 34.96 ಲಕ್ಷ ಕೋಟಿ. ಮಿಕ್ಕ 15.69 ಲಕ್ಷ ಕೋಟಿಯನ್ನು ಸಾಲ ತಂದು ತುಂಬಬೇಕು. ಅದೇ ವಿತ್ತೀಯ ಕೊರತೆ. ಜಿಡಿಪಿಗೆ, ಅಂದರೆ ದೇಶದಲ್ಲಿ ಒಂದು ವರ್ಷಕ್ಕೆ ಆಗುವ ಒಟ್ಟು ಉತ್ಪಾದನೆಯ ಬೆಲೆಗೆ, ಹೋಲಿಸಿದರೆ ಶೇ 4.4.

ಅದೇ ಬಜೆಟ್‌ನಲ್ಲಿ ಬಡ್ಡಿ ಪಾವತಿಗೆ ಇಟ್ಟಿರುವುದು 12.76 ಲಕ್ಷ ಕೋಟಿ. ಹಳೆ ಸಾಲದ ಬಡ್ಡಿ ಇಲ್ಲದಿದ್ದರೆ ಕೊರತೆ 3 ಲಕ್ಷ ಕೋಟಿಯ ಹತ್ತಿರ ಇರುತ್ತಿತ್ತು. ಇದಕ್ಕೆ ಪ್ರಾಥಮಿಕ ಕೊರತೆ ಅಂತಾರೆ. ಟಿವಿಯಲ್ಲಿ ಇದನ್ನು ಯಾರೂ ಹೇಳಲ್ಲ. ಆದರೆ ಈಗಿನ ಸರ್ಕಾರ ಎಷ್ಟು ಕೈಬಿಚ್ಚಿ ಖರ್ಚು ಮಾಡುತ್ತಿದೆ, ಹಿಂದಿನ ಹೊರೆ ಎಷ್ಟು ಅಂತ ಬೇರೆ ಬೇರೆ ಮಾಡಿ ನೋಡಬೇಕಾದರೆ ಇದೇ ಬೇಕು.

ರಾಜಸ್ವ ಕೊರತೆ ಅಂತ ಇನ್ನೊಂದಿದೆಯಲ್ಲ, ಅದು?

ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ದಿನನಿತ್ಯದ ಖರ್ಚಿಗೂ ಮಾಮೂಲಿ ಆದಾಯ ಸಾಲದಿದ್ದರೆ ರಾಜಸ್ವ ಕೊರತೆ. ಕರ್ನಾಟಕದ 2025-26ರ ಬಜೆಟ್ ಸುಮಾರು 4.09 ಲಕ್ಷ ಕೋಟಿಯದು. ಅದರಲ್ಲಿ ರಾಜಸ್ವ ಕೊರತೆ 19 ಸಾವಿರ ಕೋಟಿಗೂ ಜಾಸ್ತಿ. ವಿತ್ತೀಯ ಕೊರತೆ 90 ಸಾವಿರ ಕೋಟಿಯಷ್ಟು, ರಾಜ್ಯದ ಒಟ್ಟು ಉತ್ಪಾದನೆ ಅಂದರೆ ಜಿಎಸ್‌ಡಿಪಿಯ ಶೇ 2.95. ವಿತ್ತೀಯ ಕೊರತೆಗೆ ಕಾನೂನಿನ ಮಿತಿ ಶೇ 3. ಗೆರೆಯ ಪಕ್ಕಕ್ಕೇ ತಂದು ನಿಲ್ಲಿಸಿದ್ದಾರೆ.

ಕೆರೆ ತುಂಬಿಸುವ ಯೋಜನೆಗೆ ಸಾಲ ಮಾಡುವುದು ಬೇರೆ, ಪಿಂಚಣಿ ಕೊಡಲು ಸಾಲ ಮಾಡುವುದು ಬೇರೆ. ಹಾಗಾಗಿ ನನ್ನ ಮಟ್ಟಿಗೆ ಶೇ 2.95ಕ್ಕಿಂತ ಆ 19 ಸಾವಿರ ಕೋಟಿಯೇ ಹೆಚ್ಚು ಯೋಚನೆ ಮಾಡಬೇಕಾದ ಅಂಕಿ. ಇಂಥ ಮಿತಿಗೆ ಕಾನೂನು ಮಾಡಿದ ಮೊದಲ ರಾಜ್ಯವೂ ನಮ್ಮದೇ, 2002ರಲ್ಲಿ. ಕೇಂದ್ರ ಮಾಡಿದ್ದು ಅದರ ಮುಂದಿನ ವರ್ಷ.

ಕಾನೂನು ಮಾಡಿದ ಮೇಲೆ ಕೇಂದ್ರ ಶೇ 3ರ ಗುರಿ ಮುಟ್ಟಿತಾ?

ಒಂದೇ ಒಂದು ಸಲ. 2007-08ರಲ್ಲಿ ಶೇ 2.5ರ ಹತ್ತಿರಕ್ಕೆ ಇಳಿಯಿತು. ಮರುವರ್ಷವೇ ಜಾಗತಿಕ ಬಿಕ್ಕಟ್ಟು, ರೈತರ ಸಾಲ ಮನ್ನಾ, ಆರನೇ ವೇತನ ಆಯೋಗ ಎಲ್ಲ ಒಟ್ಟಿಗೆ ಬಂದು ಶೇ 6ಕ್ಕೆ ಏರಿತು. ಕೋವಿಡ್ ವರ್ಷ 2020-21ರಲ್ಲಿ ಶೇ 9.2. ಅಲ್ಲಿಂದ ಇಳಿದು 2023-24ರಲ್ಲಿ 5.6, 2024-25ರಲ್ಲಿ 4.8. ಇನ್ನು ಮುಂದೆ ವರ್ಷದ ಕೊರತೆಗಿಂತ ಒಟ್ಟು ಸಾಲ ಜಿಡಿಪಿಯ ಎಷ್ಟು ಪಾಲು ಅನ್ನುವುದನ್ನೇ ಅಳತೆಯಾಗಿ ಇಟ್ಟುಕೊಳ್ಳುತ್ತೇವೆ ಅಂತ 2025ರ ಬಜೆಟ್‌ನಲ್ಲಿ ಹೇಳಿದ್ದಾರೆ. 2031ರ ಮಾರ್ಚ್ ಹೊತ್ತಿಗೆ ಅದನ್ನು ಶೇ 50ರ ಆಸುಪಾಸಿಗೆ ತರುವುದು ಗುರಿ.

ಇದು ಮನೆ ಖರ್ಚಿನ ಹಾಗೇ ಅಲ್ವಾ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ತಾನೇ?

ಅರ್ಧ ಮಾತ್ರ ಸರಿ. ಮನೆ ಯಜಮಾನ ಒಂದು ದಿನ ರಿಟೈರ್ ಆಗುತ್ತಾನೆ, ಅಷ್ಟರೊಳಗೆ ಸಾಲ ತೀರಬೇಕು. ಸರ್ಕಾರ ರಿಟೈರ್ ಆಗಲ್ಲ. ಹಳೆ ಬಾಂಡ್ (ಸಾಲಪತ್ರ) ಮುಗಿದಾಗ ಹೊಸ ಬಾಂಡ್ ಮಾರುತ್ತದೆ. ಇನ್ನೊಂದು, ನೀವು ಸಿನಿಮಾಗೆ ಹೋಗುವುದು ಬಿಟ್ಟರೆ ನಿಮ್ಮ ಸಂಬಳ ಕಮ್ಮಿಯಾಗಲ್ಲ. ಸರ್ಕಾರ ಮುಳಬಾಗಿಲಿನ ಕಡೆ ರಸ್ತೆ ಕೆಲಸ ನಿಲ್ಲಿಸಿದರೆ ಗುತ್ತಿಗೆದಾರ ಸಿಮೆಂಟ್ ತರಿಸಲ್ಲ, ಕೂಲಿಯವರ ಕೈಯಲ್ಲಿ ಕಾಸು ಓಡಲ್ಲ, ಜಿಎಸ್‌ಟಿ ಬರಲ್ಲ. ಸರ್ಕಾರದ ಆದಾಯವೂ ಕುಗ್ಗುತ್ತದೆ.

ಮಿಕ್ಕ ಅರ್ಧ ಏನು ಅಂದರೆ, ಆದಾಯ ಬೆಳೆಯುವ ವೇಗಕ್ಕಿಂತ ಬಡ್ಡಿ ವೇಗವಾಗಿ ಬೆಳೆದರೆ ಯಾರೇ ಆದರೂ ಸಿಕ್ಕಿಹಾಕಿಕೊಳ್ಳುತ್ತಾರೆ. ರಾಜ್ಯ ಸರ್ಕಾರಗಳಂತೂ ಮನೆಗೆ ಇನ್ನೂ ಹತ್ತಿರ. ಅವು ನೋಟು ಮುದ್ರಿಸುವಂತಿಲ್ಲ. ಕೇಂದ್ರದ ಸಾಲ ಬಾಕಿ ಇದ್ದರೆ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಬೇಕು. ಇದು ಸಂವಿಧಾನದ 293ನೇ ವಿಧಿಯಲ್ಲೇ ಇದೆ.

ನೋಟು ಮುದ್ರಿಸಿ ಕೊರತೆ ತುಂಬಿಸಿದರೆ ಆಗಲ್ವಾ?

ಬಹಳ ವರ್ಷ ಹಾಗೇ ಮಾಡಿದ್ದರು. ದುಡ್ಡು ಕಮ್ಮಿ ಬಿದ್ದಾಗಲೆಲ್ಲ ಸರ್ಕಾರ ಒಂದು ಹುಂಡಿ ಬರೆದುಕೊಡುತ್ತಿತ್ತು, ರಿಸರ್ವ್ ಬ್ಯಾಂಕ್ ಅದನ್ನು ಇಟ್ಟುಕೊಂಡು ಹಣ ಕೊಡುತ್ತಿತ್ತು. ಇದು 1997ರಲ್ಲಿ ನಿಂತಿತು. 2006ರಿಂದ ಸರ್ಕಾರ ಹೊಸದಾಗಿ ಮಾರುವ ಬಾಂಡ್‌ಗಳನ್ನು ರಿಸರ್ವ್ ಬ್ಯಾಂಕ್ ನೇರವಾಗಿ ಕೊಳ್ಳುವಂತಿಲ್ಲ. ಮಾರುಕಟ್ಟೆಯಲ್ಲಿ ಬೇರೆಯವರಿಂದ ಕೊಳ್ಳಬಹುದು. ಹಣ ಮುದ್ರಿಸಿದರೆ ರೂಪಾಯಿ ಸಿಗುತ್ತದೆ, ಡಾಲರ್ ಸಿಗಲ್ಲ. ಈ ವ್ಯತ್ಯಾಸದ ಮೇಲೆಯೇ ಮುಂದಿನ ಉತ್ತರಗಳು ನಿಂತಿವೆ.

ವ್ಯಾಪಾರ ಕೊರತೆ ಅಂದರೆ? ಕೋಲಾರದ ಟೊಮೆಟೊ ಚೆನ್ನೈಗೆ ಹೋದರೆ ರಫ್ತಾ?

ಅಲ್ಲ. ದೇಶದ ಗಡಿ ದಾಟಿದರೆ ಮಾತ್ರ ರಫ್ತು. ಎಪಿಎಂಸಿ ಯಾರ್ಡ್‌ನಲ್ಲಿ ಹರಾಜಾದ ಬಾಕ್ಸ್ ಚೆನ್ನೈಗೆ, ಹೈದರಾಬಾದ್‌ಗೆ ಹೋದರೆ ಅದು ಒಳಗಿನ ವ್ಯಾಪಾರ. ಅದೇ ಲಾರಿ ಬಾಂಗ್ಲಾದೇಶದ ಗಡಿ ದಾಟಿದರೆ ರಫ್ತು. ಶ್ರೀನಿವಾಸಪುರದ ತೋತಾಪುರಿ ಮಾವು ಚಿತ್ತೂರಿನ ಪಲ್ಪ್ ಕಾರ್ಖಾನೆಗೆ ಹೋದರೆ ಲೆಕ್ಕಕ್ಕೆ ಬರಲ್ಲ. ಅಲ್ಲಿಂದ ಪಲ್ಪ್ ಹಡಗು ಹತ್ತಿದಾಗ ಬರುತ್ತದೆ.

2024-25ರಲ್ಲಿ ಭಾರತ ಸುಮಾರು 437 ಬಿಲಿಯನ್ ಡಾಲರಿನ ಸರಕು ರಫ್ತು ಮಾಡಿತು, 720 ಬಿಲಿಯನ್ ಡಾಲರಿನದು ತರಿಸಿಕೊಂಡಿತು. ಸರಕಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 283 ಬಿಲಿಯನ್ ಡಾಲರ್ ಕೊರತೆ. ಕೇಳಿದರೆ ಭಯ ಆಗುತ್ತದೆ. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದಂಥ ಸೇವೆಗಳ ರಫ್ತು, ಗಲ್ಫ್ ಮತ್ತು ಅಮೆರಿಕದಿಂದ ನಮ್ಮವರು ಮನೆಗೆ ಕಳಿಸುವ ಹಣ, ಇವನ್ನೂ ಸೇರಿಸಿ ನೋಡುವುದು ಚಾಲ್ತಿ ಖಾತೆ. ಅದರಲ್ಲಿ ಆ ವರ್ಷದ ಕೊರತೆ ಜಿಡಿಪಿಯ ಶೇ 0.6 ಅಷ್ಟೇ. ಸರಕಿನ ಕೊರತೆ ಒಂದನ್ನೇ ಹಿಡಿದು ಕೂಗಾಡುವುದು ಅರ್ಧ ಲೆಕ್ಕಪುಸ್ತಕ ಓದಿದಂತೆ.

ಬಜೆಟ್ ಕೊರತೆಗೂ ಚಾಲ್ತಿ ಖಾತೆ ಕೊರತೆಗೂ ಏನು ಸಂಬಂಧ?

ನಡುವೆ ಇರುವ ಕೊಂಡಿ ಉಳಿತಾಯ. ದೇಶದ ಜನ, ಕಂಪನಿಗಳು ಎಲ್ಲ ಸೇರಿ ವರ್ಷಕ್ಕೆ 30 ರೂಪಾಯಿ ಉಳಿಸುತ್ತಾರೆ ಅಂತಿಟ್ಟುಕೊಳ್ಳಿ. ಮನೆ, ಕಾರ್ಖಾನೆ, ಯಂತ್ರ ಅಂತ ಖಾಸಗಿಯವರು ಹೂಡುವುದು 25. ಉಳಿಯುವುದು 5. ಸರ್ಕಾರಕ್ಕೆ ಬೇಕಾದ ಸಾಲ 8. ಆ 3 ಎಲ್ಲಿಂದ ಬರಬೇಕು? ಹೊರದೇಶದಿಂದ. ಹೊರಗಿನ ಹಣ ಬರುವುದು ಅಂದರೆ ನಾವು ಮಾರಿದ್ದಕ್ಕಿಂತ 3 ರೂಪಾಯಿ ಜಾಸ್ತಿ ಮಾಲು ಕೊಂಡೆವು ಅಂತಲೇ ಅರ್ಥ. ಇದು ಸಿದ್ಧಾಂತವೂ ಅಲ್ಲ, ಅಭಿಪ್ರಾಯವೂ ಅಲ್ಲ. ಲೆಕ್ಕ ಹಾಗೇ ಕೂಡಬೇಕು.

ಸರ್ಕಾರದ 8 ಹೋಗಿ 11 ಆಯಿತು, ಮಿಕ್ಕಿದ್ದು ಹಾಗೇ ಇದೆ ಅಂದರೆ ಹೊರಗಿನ ಕೊರತೆಯೂ 6ಕ್ಕೆ ಏರುತ್ತದೆ. ಇದಕ್ಕೇ ಅವಳಿ ಕೊರತೆ ಅನ್ನುವುದು. ಆದರೆ ಮಿಕ್ಕಿದ್ದು ಹಾಗೇ ಇರುವುದು ಅಪರೂಪ.

1991ರಲ್ಲಿ ಆಗಿದ್ದು ಇದೇನಾ?

ಹೌದು, ಪಾಠ ಮಾಡಲಿಕ್ಕೇ ಆದ ಹಾಗಿದೆ. 1980ರ ದಶಕ ಪೂರ್ತಿ ಸರ್ಕಾರ ಸಾಲದ ಮೇಲೆ ಸಾಲ ಮಾಡಿತು. 1990-91ಕ್ಕೆ ಕೇಂದ್ರದ ವಿತ್ತೀಯ ಕೊರತೆ ಜಿಡಿಪಿಯ ಶೇ 8ರ ಆಸುಪಾಸು, ಚಾಲ್ತಿ ಖಾತೆ ಕೊರತೆ ಶೇ 3ರಷ್ಟು. ಅಷ್ಟರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು. ತೈಲದ ಬೆಲೆ ಏರಿತು, ಗಲ್ಫ್‌ನಿಂದ ಬರುತ್ತಿದ್ದ ಹಣಕ್ಕೆ ಪೆಟ್ಟು ಬಿತ್ತು, ಅನಿವಾಸಿ ಭಾರತೀಯರು ಠೇವಣಿ ತೆಗೆಯಲು ಶುರು ಮಾಡಿದರು. ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಡಾಲರ್ ಮಾತ್ರ ಉಳಿಯಿತು.

ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ಸ್ವಿಸ್ ಬ್ಯಾಂಕೊಂದಕ್ಕೆ ಕೊಟ್ಟು ಡಾಲರ್ ತಂದರು. ಜುಲೈನಲ್ಲಿ ಇನ್ನೂ 47 ಟನ್‌ನಷ್ಟು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಒತ್ತೆ ಇಟ್ಟರು. ಅದೇ ಜುಲೈ ಮೊದಲ ವಾರದಲ್ಲಿ ಎರಡು ಕಂತಿನಲ್ಲಿ ರೂಪಾಯಿ ಬೆಲೆ ಇಳಿಸಿದರು. 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು.

ಆಗ ದೇಶದಲ್ಲಿ ರೂಪಾಯಿಗೆ ಬರ ಇರಲಿಲ್ಲ. ಖಾಲಿಯಾಗಿದ್ದು ಡಾಲರ್.

ಹಾಗಾದರೆ 2020-21ರಲ್ಲಿ ಶೇ 9.2 ಕೊರತೆ ಇದ್ದಾಗ ಯಾಕೆ ಹಾಗಾಗಲಿಲ್ಲ?

ಈ ಪುಟದಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಬಜೆಟ್ ಕೊರತೆ ದಾಖಲೆ ಮುಟ್ಟಿದ ಆ ವರ್ಷ ಚಾಲ್ತಿ ಖಾತೆಯಲ್ಲಿ ಕೊರತೆಯೇ ಇರಲಿಲ್ಲ. ಜಿಡಿಪಿಯ ಶೇ 0.9ರಷ್ಟು ಹೆಚ್ಚುವರಿ ಇತ್ತು! ಲಾಕ್‌ಡೌನ್‌ನಲ್ಲಿ ಕೈಯಲ್ಲಿ ಕಾಸಿದ್ದವರಿಗೂ ಖರ್ಚು ಮಾಡಲು ದಾರಿ ಇರಲಿಲ್ಲ, ಉಳಿತಾಯ ಏರಿತು. ಕಾರ್ಖಾನೆ ಕಟ್ಟುವವರು ಸುಮ್ಮನೆ ಕೂತರು, ಹೂಡಿಕೆ ಬಿತ್ತು. ತೈಲ ಅಗ್ಗವಾಯಿತು, ಬಳಕೆಯೂ ಕುಸಿಯಿತು. ಸರ್ಕಾರಕ್ಕೆ ಬೇಕಾದ ಸಾಲವೆಲ್ಲ ದೇಶದೊಳಗೇ ಹುಟ್ಟಿತು.

ಆದ್ದರಿಂದ ಕೊರತೆ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಅದನ್ನು ತುಂಬಿದ್ದು ಯಾರ ಉಳಿತಾಯ, ರೂಪಾಯಿಯಲ್ಲೋ ಡಾಲರ್‌ನಲ್ಲೋ ಅಂತಲೂ ಕೇಳಿ. ಶೇ 9 ಇದ್ದೂ ದೇಶ ನಿಭಾಯಿಸಿಕೊಂಡು ಹೋಗಬಹುದು, ಶೇ 5 ಇದ್ದೇ ಚಿನ್ನ ಒತ್ತೆ ಇಡುವ ಸ್ಥಿತಿಯೂ ಬರಬಹುದು.

ಬೇರೆ ದೇಶಗಳಲ್ಲಿ?

ಅಮೆರಿಕದಲ್ಲಿ 1980ರ ದಶಕದಲ್ಲಿ, ರೇಗನ್ ಅಧ್ಯಕ್ಷರಾಗಿದ್ದ ಕಾಲದಲ್ಲಿ, ತೆರಿಗೆ ಇಳಿಸಿ, ರಕ್ಷಣಾ ಖರ್ಚು ಏರಿಸಿದಾಗ ಎರಡೂ ಕೊರತೆ ಜೊತೆಯಾಗಿ ಬೆಳೆದವು. ಅವಳಿ ಕೊರತೆಯ ಮಾತು ಜನಪ್ರಿಯವಾಗಿದ್ದು ಆಗಲೇ. ಅದೇ ಅಮೆರಿಕದಲ್ಲಿ 1998ರಿಂದ 2001ರವರೆಗೆ ಬಜೆಟ್ ಹೆಚ್ಚುವರಿ ಇತ್ತು, ವ್ಯಾಪಾರ ಕೊರತೆ ಮಾತ್ರ 2000ದವರೆಗೂ ಏರುತ್ತಲೇ ಇತ್ತು. ಕಂಪ್ಯೂಟರ್, ಇಂಟರ್ನೆಟ್ ಕಂಪನಿಗಳಿಗೆ ಹೂಡಿಕೆ ಹರಿದಿತ್ತು. ಜಪಾನ್ ಇನ್ನೂ ವಿಚಿತ್ರ. ಸರ್ಕಾರದ ಸಾಲ ಜಿಡಿಪಿಯ ಎರಡು ಪಟ್ಟಿಗೂ ಜಾಸ್ತಿ, ಚಾಲ್ತಿ ಖಾತೆಯಲ್ಲಿ ಹೆಚ್ಚುವರಿ. ಅಲ್ಲಿನವರ ಉಳಿತಾಯವೇ ಆ ಸಾಲ ಹೊತ್ತಿದೆ.

ಕೆಜಿಎಫ್ ಮುಚ್ಚದಿದ್ದರೆ ಚಿನ್ನದ ಆಮದು ತಪ್ಪುತ್ತಿತ್ತಾ?

ಕೋಲಾರದಲ್ಲಿ ಈ ಪ್ರಶ್ನೆ ಕೇಳದ ಮನೆಯಿಲ್ಲ. ಬೇಸರದ ಉತ್ತರ: ಇಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿದಾಗಿನಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ, ನಾಲ್ಕೈದು ತಲೆಮಾರು ನೆಲದೊಳಗೆ ಮೂರು ಕಿಲೋಮೀಟರ್ ಆಳಕ್ಕೆ ಇಳಿದು ತೆಗೆದ ಚಿನ್ನ ಒಟ್ಟು 800 ಟನ್ ಚಿಲ್ಲರೆ. ಭಾರತ ಈಗ ಒಂದೇ ವರ್ಷಕ್ಕೆ ಆಮದು ಮಾಡಿಕೊಳ್ಳುವುದು 700ರಿಂದ 800 ಟನ್. 120 ವರ್ಷದ ಬೆವರು ಒಂದು ವರ್ಷದ ಮದುವೆ ಸೀಸನ್‌ಗೆ ಸಮ. ಕೊನೆಕೊನೆಗಂತೂ ಚಿನ್ನ ತೆಗೆಯುವ ಖರ್ಚು ಅದರ ಮಾರಾಟದ ಬೆಲೆಯನ್ನು ಎಷ್ಟೋ ದಾಟಿತ್ತು. ಮುಂದುವರಿಸಿದ್ದರೆ ಆ ನಷ್ಟ ಬಜೆಟ್ ಕೊರತೆಗೆ ಸೇರುತ್ತಿತ್ತು. ಗಣಿ ಕಾರ್ಮಿಕರ ಕುಟುಂಬಗಳನ್ನು ನಡೆಸಿಕೊಂಡ ರೀತಿ ಬೇರೆಯದೇ ಕಥೆ, ಅದಕ್ಕೆ ಈ ಲೆಕ್ಕ ಸಮಜಾಯಿಷಿ ಆಗಲಾರದು.

2024-25ರಲ್ಲಿ ಚಿನ್ನದ ಆಮದಿಗೆ ಹೋದದ್ದು ಸುಮಾರು 58 ಬಿಲಿಯನ್ ಡಾಲರ್. ನಾವು ಬೀರುವಿನಲ್ಲಿಟ್ಟ ಬಳೆ ನಮ್ಮ ಮಟ್ಟಿಗೆ ಉಳಿತಾಯ. ದೇಶದ ಲೆಕ್ಕದಲ್ಲಿ ಅದು ಆಮದು. ಅದರಿಂದ ಕಾರ್ಖಾನೆಯೂ ಏಳಲ್ಲ, ಸರ್ಕಾರದ ಬಾಂಡೂ ಮಾರಾಟವಾಗಲ್ಲ.

ಸುಂಕ ಏರಿಸಿ ಚಿನ್ನ ತಡೆಯಬಹುದಲ್ಲ?

2012-13ರಲ್ಲಿ ಚಾಲ್ತಿ ಖಾತೆ ಕೊರತೆ ಶೇ 4.8ಕ್ಕೆ ಏರಿದಾಗ ಅದನ್ನೇ ಮಾಡಿದರು. 2013ರ ಆಗಸ್ಟ್‌ಗೆ ಸುಂಕ ಶೇ 10 ಆಯಿತು. ತರಿಸಿದ ಚಿನ್ನದಲ್ಲಿ ಐದನೇ ಒಂದು ಭಾಗ ಆಭರಣವಾಗಿ ರಫ್ತಿಗೇ ಹೋಗಬೇಕು ಅಂತ ಷರತ್ತೂ ಹಾಕಿದರು. ಮರುವರ್ಷ ಕೊರತೆ ಶೇ 1.7ಕ್ಕೆ ಇಳಿಯಿತು, ಕಳ್ಳಸಾಗಣೆ ಏರಿತು. 2022ರಲ್ಲಿ ಸುಂಕ ಶೇ 15ಕ್ಕೆ ಹೋಯಿತು. 2024ರ ಜುಲೈನಲ್ಲಿ ಶೇ 6ಕ್ಕೆ ಇಳಿಸಿದರು. ಆಮದು ಮಾಡದೇ ಚಿನ್ನದಲ್ಲಿ ಹೂಡಲಿ ಅಂತ 2015ರಲ್ಲಿ ತಂದ ಚಿನ್ನದ ಬಾಂಡ್ ಯೋಜನೆಯಲ್ಲಿ ಚಿನ್ನದ ಬೆಲೆ ಏರಿದಷ್ಟೂ ಸರ್ಕಾರವೇ ಜಾಸ್ತಿ ಹಣ ಕೊಡಬೇಕಾಯಿತು. ವ್ಯಾಪಾರ ಕೊರತೆ ತಗ್ಗಿಸಲು ಹೋಗಿ ಬಜೆಟ್‌ಗೆ ಹೊರೆ. 2024ರ ಫೆಬ್ರವರಿಯ ನಂತರ ಹೊಸ ಕಂತು ಬಂದಿಲ್ಲ.

ರೇಷ್ಮೆ, ಈರುಳ್ಳಿ ಬೆಳೆಗಾರರಿಗೆ ಈ ಸುಂಕದ ಆಟದಿಂದ ಏನಾಗುತ್ತದೆ?

ದೆಹಲಿಯಲ್ಲಿ ಒಂದು ಸಾಲು ಬದಲಾದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬಿಸಿ ತಟ್ಟುತ್ತದೆ. ಗೂಡಿನಿಂದ ನೂಲು ತೆಗೆಯುವ ರೀಲರ್ ಲಾಟ್‌ನಿಂದ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡುತ್ತಾನೆ. ಬಿಡ್ ಹಾಕುವಾಗ ಅವನ ತಲೆಯಲ್ಲಿ ಇರುವುದು ಗೂಡಿನ ಗುಣಮಟ್ಟ ಒಂದೇ ಅಲ್ಲ, ಚೀನಾ ಕಚ್ಚಾ ರೇಷ್ಮೆ ಎಷ್ಟಕ್ಕೆ ಬಂದಿಳಿಯುತ್ತಿದೆ ಅನ್ನುವುದೂ ಇರುತ್ತದೆ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಶೇ 15ಕ್ಕೆ ಏರಿಸಿದರು. ನೇಕಾರರಿಗೆ ಅಗ್ಗದ ನೂಲು ಬೇಕು, ಹಿಪ್ಪುನೇರಳೆ ಬೆಳೆಯುವವರಿಗೆ ದುಬಾರಿ ಗೂಡು ಬೇಕು. ಇಬ್ಬರೂ ನಮ್ಮವರೇ.

ಗುಲಾಬಿ ಈರುಳ್ಳಿಯದು ಉಲ್ಟಾ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ಸಣ್ಣ ಈರುಳ್ಳಿ ಘಾಟು ಜಾಸ್ತಿ, ನಮ್ಮ ಅಡುಗೆಮನೆಗೆ ಬರುವುದು ಕಮ್ಮಿ. ಮಲೇಷ್ಯಾ, ಸಿಂಗಪುರದವರಿಗೇ ಅದು ಬೇಕು. 2023ರ ಆಗಸ್ಟ್‌ನಲ್ಲಿ ದೇಶದಲ್ಲಿ ಈರುಳ್ಳಿ ಬೆಲೆ ಏರಬಾರದು ಅಂತ ಎಲ್ಲ ಈರುಳ್ಳಿಗೂ ಶೇ 40 ರಫ್ತು ಸುಂಕ ಹಾಕಿದರು. ಇಲ್ಲಿ ಯಾರೂ ತಿನ್ನದ ಈರುಳ್ಳಿಗೂ! ಸೆಪ್ಟೆಂಬರ್ ಕೊನೆಯಲ್ಲಿ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ಇದ್ದರೆ ವಿನಾಯಿತಿ ಅಂದರು. ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತನ್ನೇ ನಿಷೇಧಿಸಿದರು, 2024ರ ಮೇ ವರೆಗೂ ಅದು ಜಾರಿಯಲ್ಲಿತ್ತು. ಒಂದು ಕಡೆ ರಫ್ತು ಹೆಚ್ಚಿಸಿ ಅಂತ ಭಾಷಣ, ಇನ್ನೊಂದು ಕಡೆ ರಫ್ತಿಗೇ ಬೀಗ.

ನರಸಾಪುರದಿಂದ ಐಫೋನ್ ಹೋಗುತ್ತಿದೆಯಲ್ಲ, ಕೊರತೆ ತೀರುತ್ತದಾ?

ಸಹಾಯವಂತೂ ಆಗುತ್ತದೆ. 2024-25ರಲ್ಲಿ ದೇಶದ ಸ್ಮಾರ್ಟ್‌ಫೋನ್ ರಫ್ತು 24 ಬಿಲಿಯನ್ ಡಾಲರ್ ಮುಟ್ಟಿತು. ವಿಸ್ಟ್ರಾನ್‌ನಿಂದ ಟಾಟಾ ಕೈಗೆ ಬಂದ ನರಸಾಪುರದ ಕಾರ್ಖಾನೆಯ ಪಾಲೂ ಅದರಲ್ಲಿದೆ. ಚಿನ್ನ ಅಗೆದ ಜಿಲ್ಲೆ ಈಗ ಫೋನ್ ಜೋಡಿಸುತ್ತಿದೆ. ಆದರೆ ಫೋನಿನ ಒಳಗಿನ ಚಿಪ್ಪು, ಪರದೆ ಮುಂತಾದ ದುಬಾರಿ ಬಿಡಿಭಾಗಗಳು ಬಹುಪಾಲು ಹೊರಗಿನಿಂದ ಬರುತ್ತವೆ. ಫೋನಿನ ಪೂರ್ತಿ ಬೆಲೆ ರಫ್ತಿನ ಕಡೆ, ಬಿಡಿಭಾಗದ ಬೆಲೆ ಆಮದಿನ ಕಡೆ ಬರೆಯುತ್ತಾರೆ. ದೇಶಕ್ಕೆ ಉಳಿಯುವುದು ಇಲ್ಲಿ ಕೊಟ್ಟ ಸಂಬಳ, ಇಲ್ಲಿ ತಯಾರಾದ ಭಾಗ, ಇಲ್ಲಿ ಉಳಿದ ಲಾಭ. ಬಿಡಿಭಾಗದ ಕಾರ್ಖಾನೆಗಳು ಮಾಲೂರು, ವೇಮಗಲ್‌ನಂಥ ಕಡೆ ಬೇರೂರಿದಷ್ಟೂ ಇದು ಏರುತ್ತದೆ.

ಚೀನಾ ಜೊತೆ 99 ಬಿಲಿಯನ್ ಡಾಲರ್ ಕೊರತೆ ಅಂತಾರೆ. ಇದು ಸೋಲಲ್ವಾ?

ಒಂದು ದೇಶದ ಜೊತೆಗಿನ ಕೊರತೆಯನ್ನೇ ಸೋಲು ಅನ್ನುವುದು ತಪ್ಪು. 2024-25ರಲ್ಲಿ ಚೀನಾ ಜೊತೆ ನಮಗೆ ಅಷ್ಟು ಕೊರತೆ ಇತ್ತು, ಅಮೆರಿಕದ ಜೊತೆ 41 ಬಿಲಿಯನ್ ಡಾಲರಿನಷ್ಟು ಹೆಚ್ಚುವರಿ ಇತ್ತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಘೋಷಿಸಿದ ಸುಂಕದ ಸೂತ್ರ ಇದೇ ತಪ್ಪಿನ ಮೇಲೆ ನಿಂತಿತ್ತು. ಒಂದು ದೇಶದ ಜೊತೆ ಅಮೆರಿಕಕ್ಕಿರುವ ಸರಕಿನ ಕೊರತೆಯನ್ನು ಅಲ್ಲಿಂದ ಬರುವ ಆಮದಿನಿಂದ ಭಾಗಿಸಿ, ಬಂದದ್ದರಲ್ಲಿ ಅರ್ಧ. ಭಾರತಕ್ಕೆ ಶೇ 26 ಬಂತು. ಅಮೆರಿಕದವರ ಉಳಿತಾಯ ಎಷ್ಟು, ಅವರ ಸರ್ಕಾರದ ಕೊರತೆ ಎಷ್ಟು ಅನ್ನುವುದು ಆ ಸೂತ್ರದಲ್ಲಿ ಎಲ್ಲೂ ಇಲ್ಲ.

ಚೀನಾ ಬಗ್ಗೆ ಚಿಂತೆ ಬೇಡ ಅಂತಲ್ಲ. ಔಷಧದ ಕಚ್ಚಾವಸ್ತು, ಸೋಲಾರ್ ಸಾಮಗ್ರಿ, ಎಲೆಕ್ಟ್ರಾನಿಕ್ಸ್ ಬಿಡಿಭಾಗಕ್ಕೆ ಒಂದೇ ಕಡೆ ನೆಚ್ಚಿಕೊಂಡರೆ ಅವರು ಮಾಲು ನಿಲ್ಲಿಸಿದ ದಿನ ನಮ್ಮ ಕೆಲಸವೂ ನಿಲ್ಲುತ್ತದೆ. ಅದು ಅವಲಂಬನೆಯ ತೊಂದರೆ, ಕೊರತೆಯದಲ್ಲ.

ರೂಪಾಯಿ ಬಿದ್ದರೆ ರೈತನಿಗೆ ಲಾಭವೇ?

ಗುಲಾಬಿ ಈರುಳ್ಳಿ, ಮಾವಿನ ಪಲ್ಪ್ ರಫ್ತು ಮಾಡುವವರಿಗೆ ಹೌದು. ಅದೇ ರೈತ ಹಾಕುವ ಡಿಎಪಿ ಗೊಬ್ಬರ, ಬಾಡಿಗೆ ಟ್ರ್ಯಾಕ್ಟರ್ ಕುಡಿಯುವ ಡೀಸೆಲ್, ಮನೆಗೆ ತರುವ ಪಾಮ್ ಎಣ್ಣೆ ಎಲ್ಲದರಲ್ಲೂ ಡಾಲರ್ ಇದೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಜಾಸ್ತಿ ಆಮದು. ಗೊಬ್ಬರದ ಬೆಲೆ ಏರದಂತೆ ಸರ್ಕಾರ ತಡೆದರೆ ಸಬ್ಸಿಡಿ ಉಬ್ಬುತ್ತದೆ. ಹೊರಗಿನ ಕೊರತೆ ಒಳಗಿನ ಕೊರತೆಯಾಗುವುದು ಹೀಗೂ ಉಂಟು. ಟೊಮೆಟೊ ಬೆಳೆದು ಒಳನಾಡಿನಲ್ಲೇ ಮಾರುವವನಿಗೆ ರೂಪಾಯಿ ಬಿದ್ದರೆ ಖರ್ಚು ಮಾತ್ರ ಏರುತ್ತದೆ.

ಹೊಸ ಅಂಕಿಗಳು ಯಾವಾಗ ಬರುತ್ತವೆ?

ಸರಕಿನ ಆಮದು ರಫ್ತಿನ ಲೆಕ್ಕವನ್ನು ವಾಣಿಜ್ಯ ಸಚಿವಾಲಯ ಪ್ರತಿ ತಿಂಗಳ ಮಧ್ಯದಲ್ಲಿ ಕೊಡುತ್ತದೆ. ಕೇಂದ್ರದ ಕೊರತೆ ಎಲ್ಲಿಗೆ ಮುಟ್ಟಿದೆ ಅಂತ ಲೆಕ್ಕಪತ್ರ ಮಹಾನಿಯಂತ್ರಕರು ತಿಂಗಳ ಕೊನೆಗೆ ಹೇಳುತ್ತಾರೆ. ಚಾಲ್ತಿ ಖಾತೆಯ ಲೆಕ್ಕ ರಿಸರ್ವ್ ಬ್ಯಾಂಕಿನಿಂದ ಮೂರು ತಿಂಗಳಿಗೊಮ್ಮೆ ಬರುತ್ತದೆ, ಅದೂ ತಡವಾಗಿ. ಹಬ್ಬಕ್ಕೆ ಮುಂಚಿನ ತಿಂಗಳಲ್ಲಿ ಚಿನ್ನದ ಆಮದು ಏರುವುದು ಮಾಮೂಲು. ಒಂದು ತಿಂಗಳ ಅಂಕಿ ನೋಡಿ ವಾಟ್ಸಾಪ್‌ನಲ್ಲಿ ಬರುವ ಗಾಬರಿಯ ಸಂದೇಶ ಮುಂದಕ್ಕೆ ಕಳಿಸಬೇಡಿ, ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ ನೋಡಿ.